ನಾಸ್ತಿಕನ ಅಂತ್ಯಕ್ರಿಯೆಗೆ ಬಂದ ಪಾದ್ರಿಗಳು

೧೮೯೧ನೆಯ ಇಸವಿ ಫೆಬ್ರವರಿ ೩ನೆಯ ದಿನ. ಲಂಡನ್ ನಗರದಿಂದ ಹೊರಟ ರೈಲುಗಾಡಿಗಳು ಬ್ರುಕ್‌ವುಡ್ ಎಂಬ ವಿಶಾಲವಾದ ರುದ್ರಭೂಮಿಗೆ ಸಾವಿರಾರು ಮಂದಿಯನ್ನು ಕೊಂಡೊಯ್ದವು. ಅಂದು ಅಲ್ಲಿ ಮಣ್ಣಾಗಬೇಕಾಗಿದ್ದವನು ಚಾರ್ಲ್ಸ್ ಬ್ರಾಡ್ಲಾ. ಪಾರ್ಲಿಮೆಂಟಿನ ಸದಸ್ಯ, ಆ ಕಾಲದ ಇಂಗ್ಲೆಂಡಿನ ಅತಿ ಪ್ರಸಿದ್ಧ ನಾಸ್ತಿಕ. ಪ್ರಾರ್ಥನೆಯಿಲ್ಲ, ಕೀರ್ತನೆಯಿಲ್ಲ, ಭಾಷಣವೂ ಇಲ್ಲ. ತನ್ನನ್ನು ಆದಷ್ಟು ಕಡಿಮೆ ವೆಚ್ಚದಲ್ಲಿ ಹೂಳಬೇಕು, ಯಾರೂ ಭಾಷಣ ಮಾಡಕೂಡದು ಎಂದು ಆತನೇ ಮೊದಲು ಬರೆದಿಟ್ಟಿದ್ದನು. ಆ ಜನಸ್ತೋಮದಲ್ಲಿ ಲಂಡನ್ನಿನಲ್ಲಿದ್ದ ಭಾರತೀಯರು ಬಹುಮಂದಿ ಇದ್ದರು. ಬ್ಯಾರಿಸ್ಟರ್ ಪರೀಕ್ಷೆಗೆಂದು ಬಂದಿದ್ದ ಇಪ್ಪತ್ತೊಂದು ವರ್ಷದ ತರುಣ ಮೋಹನದಾಸ ಗಾಂಧಿಯೂ ಅವರಲ್ಲಿ ಒಬ್ಬರು.

ಈ ಪ್ರಸಂಗವನ್ನು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮೃತನಿಗೆ ಕೊನೆಯ ಗೌರವ ಸಲ್ಲಿಸಲು ಕೆಲವರು ಪಾದ್ರಿಗಳೂ ಬಂದಿದ್ದರಂತೆ. ಹಿಂದಿರುಗುವಾಗ, ರೈಲಿಗಾಗಿ ಕಾಯುತ್ತಿದ್ದ ಹೊತ್ತಿನಲ್ಲಿ, ಗುಂಪಿನಲ್ಲಿದ್ದ ನಾಸ್ತಿಕವೀರನೊಬ್ಬನು ಆ ಪಾದ್ರಿಗಳಲ್ಲಿ ಒಬ್ಬನನ್ನು ಕೆಣಕಿದನು. ದೇವರಿದ್ದಾನೆಂದು ನಂಬುತ್ತೀರಷ್ಟೆ? ಭೂಮಿಯ ಸುತ್ತಳತೆ ಇಷ್ಟು ಸಾವಿರ ಮೈಲಿ ಎಂಬುದನ್ನೂ ಒಪ್ಪುತ್ತೀರಷ್ಟೆ? ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಆತನು ಇರುವುದೆಲ್ಲಿ? ಪಾದ್ರಿಯು ಮೆಲ್ಲನೆ, ನಾವು ಅರಿತುಕೊಂಡರೆ ಆತನು ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆ ಎಂದನು. ತನ್ನನ್ನು ಮಗುವೆಂದು ಭಾವಿಸಬೇಡಿ ಎಂದು ಹೇಳಿ, ಗೆದ್ದೆನೆಂಬ ಠೀವಿಯಿಂದ ಪ್ರಶ್ನೆ ಕೇಳಿದವನು ಸುತ್ತಲೂ ನೋಡಿದನು. ಪಾದ್ರಿಯು ವಿನಯದಿಂದ ಸುಮ್ಮನಾದನು. ಈ ಮಾತುಕತೆಯನ್ನು ಕೇಳಿ ನಾಸ್ತಿಕವಾದದ ಬಗೆಗೆ ತಮಗಿದ್ದ ಅರುಚಿ ಇನ್ನಷ್ಟು ಹೆಚ್ಚಿತೆಂದು ಗಾಂಧೀಜಿಯವರು ಬರೆದಿದ್ದಾರೆ.

ಆ ಪಾದ್ರಿಗಳ ಹೆಸರನ್ನು ಗಾಂಧೀಜಿ ಹೇಳಿಲ್ಲ. ಜೀವಮಾನವೆಲ್ಲ ತಮ್ಮ ವೇದಪುಸ್ತಕವನ್ನು ಖಂಡಿಸಿದ ಮನುಷ್ಯನ ಗೋರಿಯ ಬಳಿಗೆ ಅವರು ಚಳಿಗಾಲದ ಒಂದು ದಿನ ಏಕೆ ಹೋದರು? ದೇವರಿಲ್ಲ ಎನ್ನುವವನನ್ನು ಕ್ರೈಸ್ತನು ಹೇಗೆ ಕಾಣಬೇಕು, ಆತನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಬ್ರಾಡ್ಲಾನ ಜೀವನಚರಿತ್ರೆಗಿಂತ ಉತ್ತಮವಾದ ಪಾಠ ಮತ್ತೊಂದಿಲ್ಲ. ಏಕೆಂದರೆ ಒಬ್ಬನೇ ನಾಸ್ತಿಕನೊಡನೆ ಕ್ರೈಸ್ತರು ನಡೆದುಕೊಳ್ಳಬಹುದಾದ ಎಲ್ಲ ಬಗೆಗಳೂ ಅದರಲ್ಲಿ ಕಾಣಸಿಗುತ್ತವೆ, ಅತಿ ಕೀಳಾದುದರಿಂದ ಹಿಡಿದು ಅತಿ ಉದಾತ್ತವಾದುದರವರೆಗೆ.

ಪ್ರಶ್ನೆ ಕೇಳಿದ ಬಾಲಕ

ಬ್ರಾಡ್ಲಾ ನಾಸ್ತಿಕನಾಗಿ ಹುಟ್ಟಿದವನಲ್ಲ. ೧೮೩೩ರಲ್ಲಿ ಲಂಡನ್ನಿನ ಹಾಕ್ಸ್ಟನ್ ಎಂಬ ಬಡಬಗ್ಗರ ಪ್ರದೇಶದಲ್ಲಿ ವಕೀಲರೊಬ್ಬರ ಗುಮಾಸ್ತನ ಮಗನಾಗಿ ಜನಿಸಿದನು. ಬುದ್ಧಿವಂತನಾದ ಹುಡುಗ, ಭಕ್ತನೂ ಹೌದು. ಹದಿಹರೆಯದಲ್ಲಿಯೇ ಹ್ಯಾಕ್ನಿ ರಸ್ತೆಯ ಸೇಂಟ್ ಪೀಟರ್ ದೇವಾಲಯದ ಭಾನುವಾರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನಾದನು. ಲಂಡನ್ನಿನ ಬಿಷಪ್ಪರು ದೃಢೀಕರಣದ ಸಂಸ್ಕಾರ ನಡೆಸಲು ಬರುವವರಿದ್ದರು. ಅದಕ್ಕಾಗಿ ಚೆನ್ನಾಗಿ ಓದಿಕೊಂಡಿರು ಎಂದು ಅಲ್ಲಿನ ಪಾದ್ರಿ ಪ್ಯಾಕರ್ ಹುಡುಗನಿಗೆ ಅಪ್ಪಣೆ ಮಾಡಿದನು.

ಹುಡುಗನು ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದನು. ಇಂಗ್ಲೆಂಡಿನ ಚರ್ಚಿನ ೩೯ ವಿಧಿಗಳನ್ನು ಒಂದು ಕಡೆ, ನಾಲ್ಕು ಸುವಾರ್ತೆಗಳನ್ನು ಮತ್ತೊಂದು ಕಡೆ ಇಟ್ಟುಕೊಂಡು ಒಂದಕ್ಕೊಂದು ಹೋಲಿಸಿ ಓದಿದನು. ಕೆಲವೆಡೆ ಅವು ಹೊಂದಿಕೊಳ್ಳಲಿಲ್ಲ. ದಯವಿಟ್ಟು ಇವನ್ನು ಬಿಡಿಸಿ ಹೇಳಬೇಕೆಂದು ಪಾದ್ರಿಗೆ ಒಂದು ಪತ್ರ ಬರೆದನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದು ನಾಸ್ತಿಕನ ಪತ್ರವಲ್ಲ; ಗುರುವನ್ನು ನಂಬಿದ ಶಿಷ್ಯನ ಪತ್ರ. ಇದಕ್ಕೆ ಉತ್ತರವಾಗಿ ಪ್ಯಾಕರ್ ಹುಡುಗನಿಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಹುಡುಗನ ತಂದೆಗೆ ಬರೆದನು. ನಿನ್ನ ಮಗನ ಪ್ರಶ್ನೆಗಳು ನಾಸ್ತಿಕ ಪ್ರಶ್ನೆಗಳು ಎಂದು ದೂರಿ, ಮೂರು ತಿಂಗಳ ಕಾಲ ಪಾಠ ಹೇಳದಂತೆ ಹುಡುಗನನ್ನು ಶಾಲೆಯಿಂದ ದೂರವಿಟ್ಟನು. ನಾಸ್ತಿಕನೆಂಬ ಹೆಸರು ಬ್ರಾಡ್ಲಾನಿಗೆ ಬಂದುದು ಹೀಗೆ, ಪಾದ್ರಿಯ ಲೇಖನಿಯಿಂದ!

ಭಾನುವಾರ ಬಿಡುವಾಯಿತು. ಬಿಡುವಾದ ಹುಡುಗನು ಬಾನರ್ಸ್ ಫೀಲ್ಡ್ಸ್ ಎಂಬ ಬಯಲಿಗೆ ಹೋಗತೊಡಗಿದನು. ಅಲ್ಲಿ ಸ್ವತಂತ್ರ ವಿಚಾರದವರು ಮರದ ಕೆಳಗೆ ನಿಂತು ವಾದ ಹೂಡುತ್ತಿದ್ದರು. ಮೊದಮೊದಲು ಅವನು ಅಲ್ಲಿ ವಾದಿಸಿದುದು ಕ್ರೈಸ್ತಧರ್ಮದ ಪರವಾಗಿಯೇ. ವಾದಿಸುತ್ತ ವಾದಿಸುತ್ತ ತನ್ನ ಪಕ್ಷವೇ ದುರ್ಬಲವೆಂದು ಅವನಿಗೆ ತೋರಿತು. ಪುನಃ ಪ್ಯಾಕರನ ಬಳಿಗೆ ಒಂದು ಪುಸ್ತಕವನ್ನು ಕಳುಹಿಸಿ, ಇದಕ್ಕೆ ನಿಮ್ಮ ಸಮಾಧಾನವೇನೆಂದು ಕೇಳಿದನು. ಈ ಬಾರಿ ಬಂದ ಉತ್ತರ ಇನ್ನೂ ಕಠಿಣ. ಮೂರು ದಿನಗಳೊಳಗೆ ನಿನ್ನ ಅಭಿಪ್ರಾಯಗಳನ್ನು ಬದಲಾಯಿಸಿಕೊ, ಇಲ್ಲವಾದರೆ ಕೆಲಸ ಹೋಗುವುದು ಎಂಬ ಎಚ್ಚರಿಕೆ. ಮೂರನೆಯ ದಿನ ಹುಡುಗನು ಮನೆಯನ್ನೇ ತೊರೆದನು. ಆಶ್ರಯ ಕೊಟ್ಟವಳು, ಸ್ವತಂತ್ರ ವಿಚಾರದ ಪ್ರಚಾರಕ್ಕಾಗಿ ಹಲವು ವರ್ಷ ಸೆರೆಮನೆಯಲ್ಲಿದ್ದ ರಿಚರ್ಡ್ ಕಾರ್ಲೈಲನ ಮನೆಯಾಕೆಯಾಗಿದ್ದ ಎಲೈಜಾ ಶಾರ್ಪಲ್ಸ್. ಆಕೆಯೂ ಬಡವಳೇ. ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದೆ ೧೮೫೦ರಲ್ಲಿ, ಭಾರತಕ್ಕೆ ಹೋಗಬಹುದೆಂಬ ಆಸೆಯಿಂದ, ಸೈನ್ಯಕ್ಕೆ ಸೇರಿದನು. ಕಳುಹಿಸಿದುದು ಐರ್ಲೆಂಡಿಗೆ. ಆತನು ಸಿಪಾಯಿಯಾಗಿದ್ದಾಗಲೇ, ೧೮೫೨ರಲ್ಲಿ, ತಂದೆ ತೀರಿಕೊಂಡನು.

ಪ್ಯಾಕರ್ ದುಷ್ಟನಾಗಿದ್ದನೆಂದು ಹೇಳಲು ಮನಸ್ಸು ಬಾರದು. ಮಂದೆಯಿಂದ ಒಂದು ಕುರಿಮರಿ ತಪ್ಪಿಸಿಕೊಳ್ಳುವುದೆಂದು ಹೆದರಿದ್ದಿರಬಹುದು. ಅಥವಾ ಪ್ರಶ್ನೆಗಳಿಗೆ ಉತ್ತರ ತನಗೇ ಗೊತ್ತಿಲ್ಲದಿದ್ದೀತು. ಗೊತ್ತಿಲ್ಲವೆಂದು ಒಪ್ಪಿಕೊಂಡು, ಬಾ, ಇಬ್ಬರೂ ಕೂಡಿ ಓದೋಣ ಎಂದಿದ್ದರೆ ಏನಾಗುತ್ತಿತ್ತೆಂದು ಯಾರು ಹೇಳಬಲ್ಲರು? ಆದರೆ ಕಾಲೇಜಿಗೆ ಹೋದ ಮಗನು ಒಂದು ಭಾನುವಾರ ‘ನಾನು ಇನ್ನು ಚರ್ಚಿಗೆ ಬರುವುದಿಲ್ಲ’ ಎಂದಾಗ ಬೆಂಗಳೂರಿನ ಅಥವಾ ಮಂಗಳೂರಿನ ಕ್ರೈಸ್ತ ಮನೆಯಲ್ಲಿ, ‘ಸಂಧ್ಯಾವಂದನೆ ಬಿಟ್ಟೆ’ ಎಂದಾಗ ಇತರರ ಮನೆಯಲ್ಲಿ, ಇಂದಿಗೂ ಮೊದಲು ಹೊರಬೀಳುವುದು ಪ್ಯಾಕರನ ಮಾತೇ. ಯಾರ ಸಹವಾಸದಿಂದ ಹೀಗಾದೆ ಎಂದು ಕೇಳುತ್ತೇವೆಯೇ ಹೊರತು, ನಿನಗೆ ತೋರಿದ ಸಂದೇಹವೇನು ಎಂದು ಕೇಳುವುದು ತೀರ ಅಪರೂಪ.

ಗಡಿಯಾರದ ಕಥೆ

ಸೈನ್ಯದಿಂದ ಬಿಡುಗಡೆ ಪಡೆದು ಬಂದ ಬ್ರಾಡ್ಲಾ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ, ಊರೂರು ತಿರುಗುವ ಭಾಷಣಕಾರನಾಗಿ ಬೆಳೆದನು. ಎತ್ತರದ ಆಳು, ಗುಡುಗಿನಂಥ ಕಂಠ. ೧೮೬೬ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದನು. ಆತನ ಮಾತು ಮೃದುವಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವೇದಪುಸ್ತಕದ ಮೇಲೆ ಆತನು ಬರೆದ ಟೀಕೆಗಳನ್ನು ಓದಿದ ಭಕ್ತರ ಮನಸ್ಸು ನೊಂದದ್ದು ಸಹಜವೇ.

ಆದರೆ ನೊಂದ ಭಕ್ತರಲ್ಲಿ ಕೆಲವರು ಹಿಡಿದ ದಾರಿ ಆಶ್ಚರ್ಯಕರವಾದುದು. ಬ್ರಾಡ್ಲಾ ಒಂದು ಸಭೆಯಲ್ಲಿ ಜೇಬಿನಿಂದ ಗಡಿಯಾರವನ್ನು ತೆಗೆದು, ದೇವರಿರುವುದು ನಿಜವಾದರೆ ಐದು ನಿಮಿಷಗಳೊಳಗೆ ನನ್ನನ್ನು ಕೊಲ್ಲಲಿ ಎಂದು ಸವಾಲು ಹಾಕಿದನೆಂಬ ಕಥೆ ದೇಶದಲ್ಲೆಲ್ಲ ಹಬ್ಬಿತು. ಬೋಧಪೀಠಗಳಿಂದ ಅದನ್ನು ಹೇಳಿದರು. ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಅದು ಅಪ್ಪಟ ಸುಳ್ಳು. ಬ್ರಾಡ್ಲಾ ಮತ್ತೆ ಮತ್ತೆ ನಿರಾಕರಿಸಿದನು, ನ್ಯಾಯಾಲಯದವರೆಗೂ ಹೋದನು. ಕಥೆ ಮಾತ್ರ ಸಾಯಲಿಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಕೂಡದೆಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ನೆರೆಯವನು ಆಸ್ತಿಕನಾಗಿದ್ದರೆ ಮಾತ್ರ ಎಂಬ ಉಪವಾಕ್ಯ ಅದರಲ್ಲಿಲ್ಲ.

ಆನಿ ಬೆಸೆಂಟರ ಪಾಡು ಇನ್ನೂ ಕರುಣಾಜನಕ. ಆಕೆ ಪಾದ್ರಿಯೊಬ್ಬನ ಹೆಂಡತಿ. ನಂಬಿಕೆ ಕಳೆದುಕೊಂಡು, ಗಂಡನಿಂದ ಬೇರೆಯಾಗಿ, ಬ್ರಾಡ್ಲಾನ ಸಹಕಾರ್ಯಕರ್ತೆಯಾದಳು. ಸಂತಾನ ನಿಯಂತ್ರಣವನ್ನು ಕುರಿತ ಒಂದು ಹಳೆಯ ಪುಸ್ತಿಕೆಯನ್ನು ಪುನಃ ಮುದ್ರಿಸಿದುದಕ್ಕಾಗಿ ೧೮೭೭ರಲ್ಲಿ ಇಬ್ಬರ ಮೇಲೂ ಮೊಕದ್ದಮೆ ನಡೆಯಿತು. ಶಿಕ್ಷೆಯೇನೋ ಅಪೀಲಿನಲ್ಲಿ ರದ್ದಾಯಿತು. ಆದರೆ ಮರುವರ್ಷ, ಆ ಪುಸ್ತಿಕೆಯನ್ನೂ ಆಕೆಯ ನಾಸ್ತಿಕತೆಯನ್ನೂ ಕಾರಣವಾಗಿ ಹಿಡಿದು, ನ್ಯಾಯಾಲಯವು ಎಂಟು ವರ್ಷದ ಮಗಳು ಮೇಬಲಳನ್ನು ತಾಯಿಯಿಂದ ಕಿತ್ತು ತಂದೆಗೆ ಒಪ್ಪಿಸಿತು. ಮುಂದೆ ೧೮೯೩ರಲ್ಲಿ ಭಾರತಕ್ಕೆ ಬಂದು, ೧೯೧೭ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಿಣಿಯಾದ ಬೆಸೆಂಟರು ಆ ಹೊತ್ತಿಗೆ ನಾಸ್ತಿಕತೆಯನ್ನು ಬಿಟ್ಟು ಥಿಯಾಸಫಿಯನ್ನು ಹಿಡಿದಿದ್ದರು. ತಾವು ತೊರೆದ ಚರ್ಚಿಗೆ ಮಾತ್ರ ಅವರು ಎಂದೂ ಹಿಂದಿರುಗಲಿಲ್ಲ.

ಒಂದು ಪ್ರಮಾಣವಚನದ ಯುದ್ಧ

೧೮೮೦ರ ಏಪ್ರಿಲ್ ತಿಂಗಳಲ್ಲಿ ನಾರ್ಥಾಂಪ್ಟನ್ ಪಟ್ಟಣದ ಮತದಾರರು ಬ್ರಾಡ್ಲಾನನ್ನು ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿದರು. ಸದಸ್ಯನಾದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ನನಗೆ ಆ ನಂಬಿಕೆಯಿಲ್ಲವಾದುದರಿಂದ ಸತ್ಯನಿಷ್ಠೆಯ ಪ್ರತಿಜ್ಞೆಯನ್ನು ಮಾತ್ರ ಕೈಗೊಳ್ಳಲು ಅವಕಾಶ ಕೊಡಿ ಎಂದು ಆತನು ಕೇಳಿದನು. ಸಮಿತಿಯೊಂದು ಕುಳಿತು, ಕೂಡದೆಂದಿತು. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ. ಅದರಲ್ಲಿನ ದೇವರ ಹೆಸರು ನನಗೆ ಅರ್ಥಹೀನವಾದರೂ ನನ್ನ ಮಾತಿಗೆ ನಾನು ಬದ್ಧನಾಗಿರುತ್ತೇನೆ ಎಂದನು. ಅದೂ ಕೂಡದು. ಹೊರಗೆ ಹೋಗಲೊಪ್ಪದ ಬ್ರಾಡ್ಲಾನನ್ನು ಜೂನ್ ೨೩ರಂದು ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಒಂದು ರಾತ್ರಿ ಸೆರೆಯಿಟ್ಟರು.

ಮುಂದಿನ ಆರು ವರ್ಷಗಳ ಕಥೆಯನ್ನು ವಿವರವಾಗಿ ಹೇಳಹೊರಟರೆ ಧಾರಾವಾಹಿಯೇ ಆದೀತು. ಆತನ ಸ್ಥಾನ ತೆರವಾಯಿತೆಂದು ಸಾರಿದರು. ಜನರು ಪುನಃ ಆರಿಸಿದರು. ೧೮೮೧ರ ಆಗಸ್ಟ್ ೩ರಂದು ಬಾಗಿಲಲ್ಲಿ ನಿಂತವನನ್ನು ಪೋಲೀಸರೂ ದ್ವಾರಪಾಲಕರೂ ಹಿಡಿದು, ಅಂಗಿ ಹರಿಯುವಂತೆ ಮೆಟ್ಟಿಲುಗಳ ಕೆಳಕ್ಕೆ ಎಳೆದು ಅಂಗಳಕ್ಕೆ ತಂದು ಹಾಕಿದರು. ೧೮೮೨ರಲ್ಲಿ ಪುನಃ ಚುನಾವಣೆ, ೧೮೮೪ರಲ್ಲಿ ಮತ್ತೊಮ್ಮೆ. ನಾರ್ಥಾಂಪ್ಟನ್ನಿನ ಮೋಚಿಗಳು, ಕೂಲಿಗಾರರು ತಮ್ಮ ಪ್ರತಿನಿಧಿಯನ್ನು ಬಿಟ್ಟುಕೊಡಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಪ್ರತಿ ಭಾನುವಾರ ಪ್ರಾರ್ಥನೆಗೆ ಹೋಗುವ ಕ್ರೈಸ್ತರು ಎಂಬುದನ್ನು ಮರೆಯಕೂಡದು.

ನಾಸ್ತಿಕನನ್ನು ಇಷ್ಟು ಹೆದರಿಕೊಳ್ಳಲು ಕಾರಣವೇನು? ಮತಸಹಿಷ್ಣುತೆಯ ಆಚಾರ್ಯನೆಂದು ಪ್ರಸಿದ್ಧನಾದ ಜಾನ್ ಲಾಕ್ ಎಂಬ ತತ್ತ್ವಜ್ಞಾನಿ ೧೬೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಾಸ್ತಿಕರಿಗೆ ಮಾತ್ರ ಸಹನೆ ತೋರಿಸಬೇಕಾಗಿಲ್ಲವೆಂದಿದ್ದನು. ದೇವರ ಭಯವಿಲ್ಲದವನನ್ನು ಆಣೆ, ಒಪ್ಪಂದ, ಭಾಷೆ ಯಾವುದೂ ಕಟ್ಟಿಹಾಕಲಾರದೆಂಬುದು ಅವನ ವಾದ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ೧೮೬೯ರವರೆಗೆ ನಾಸ್ತಿಕನ ಸಾಕ್ಷ್ಯವನ್ನೇ ಸ್ವೀಕರಿಸುತ್ತಿರಲಿಲ್ಲ. ಅವನ ಹಣ ಮುಳುಗಿದರೂ ಅವನು ಸಾಕ್ಷಿಕಟ್ಟೆ ಏರುವಂತಿರಲಿಲ್ಲ.

ಬ್ರಾಡ್ಲಾನ ನಡತೆಯೇ ಈ ವಾದವನ್ನು ತಲೆಕೆಳಗು ಮಾಡಿತು. ದೇವರನ್ನು ನಂಬದ ಬೇರೆ ಗಣ್ಯರು ಪಾರ್ಲಿಮೆಂಟಿನಲ್ಲಿ ಆಗ ಇರಲಿಲ್ಲವೆ? ಇದ್ದರು. ಅವರು ತುಟಿ ಅಲುಗಿಸಿ ಪ್ರಮಾಣ ಮುಗಿಸಿ ತಮ್ಮ ಪಾಡಿಗೆ ಕುಳಿತುಕೊಂಡರು, ಯಾರೂ ಕೇಳಲಿಲ್ಲ. ಬ್ರಾಡ್ಲಾ ಮೊದಲ ದಿನ ಬಾಯಿ ಮುಚ್ಚಿಕೊಂಡಿದ್ದರೆ ಆತನಿಗೂ ಆಸನ ಸಿಗುತ್ತಿತ್ತು. ಸುಳ್ಳುಗಾರರನ್ನು ತಡೆಯಲು ಕಟ್ಟಿದ ಆ ಬೇಲಿಗೆ ಸಿಕ್ಕಿಬಿದ್ದವನು ನಿಜ ಹೇಳಿದವನೊಬ್ಬನೇ!

ಇನ್ನೊಂದು ವಿಚಿತ್ರವೂ ಉಂಟು. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎಂಬರ್ಥದ ಬೋಧನೆ ಯೇಸುವಿನದೇ. ಮತ್ತಾಯನ ಸುವಾರ್ತೆಯಲ್ಲಿ, ಪರ್ವತಪ್ರಸಂಗದ ನಡುವೆ ಇದೆ. ಇದನ್ನು ಶಿರಸಾವಹಿಸಿದ ಕ್ವೇಕರ್ ಪಂಥದ ಕ್ರೈಸ್ತರು ಆಣೆಯಿಡಲು ಒಪ್ಪದೆ ಸೆರೆಮನೆಗಳಲ್ಲಿ ನರಳಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಪ್ರತಿಜ್ಞೆಯ ಹಕ್ಕನ್ನು ಗಳಿಸಿದ್ದರು. ೧೮೩೩ರಲ್ಲಿ ಜೋಸೆಫ್ ಪೀಸ್ ಎಂಬ ಕ್ವೇಕರನು ಪ್ರತಿಜ್ಞೆ ಮಾಡಿ ಪಾರ್ಲಿಮೆಂಟಿನಲ್ಲಿ ಕುಳಿತನು. ಬ್ರಾಡ್ಲಾ ಬೇಡಿದುದು ಭಕ್ತರು ತೆರೆದ ಆ ಬಾಗಿಲನ್ನೇ. ಕ್ವೇಕರ್ ಮುತ್ಸದ್ದಿ ಜಾನ್ ಬ್ರೈಟ್ ಇದನ್ನು ಮರೆಯದೆ ಆತನ ಪರವಾಗಿ ಸಭೆಯಲ್ಲಿ ಮಾತನಾಡಿದನು. ಮರೆತವರು ಬೇರೆ ಇದ್ದರು. ಬ್ರಾಡ್ಲಾನನ್ನು ಒಳಗೆ ಬಿಡಬಾರದೆಂದು ಉಗ್ರವಾಗಿ ಹೋರಾಡಿದ ಕಾರ್ಡಿನಲ್ ಮ್ಯಾನಿಂಗ್ ರೋಮನ್ ಕ್ಯಾಥೊಲಿಕ್. ೧೮೨೯ರವರೆಗೆ ಅದೇ ಪ್ರಮಾಣವಚನಗಳ ನೆಪದಿಂದ ಕ್ಯಾಥೊಲಿಕರನ್ನೇ ಆ ಸಭೆಯ ಹೊರಗಿಟ್ಟಿದ್ದರು. ಅದೇ ಸಭೆ ಯೆಹೂದ್ಯರಿಗೆ ತೆರೆದುದು ೧೮೫೮ರಲ್ಲಿ. ಇನ್ನು ಬ್ರಾಡ್ಲಾನ ಪುಸ್ತಿಕೆಯೊಂದನ್ನು ಸಭೆಯಲ್ಲಿಯೇ ನೆಲಕ್ಕೆ ಎಸೆದು ತುಳಿದ ರಾಂಡಾಲ್ಫ್ ಚರ್ಚಿಲನಿಗೆ, ವಿನ್‌ಸ್ಟನ್ ಚರ್ಚಿಲನ ತಂದೆಗೆ, ದೇವರ ಮೇಲಿನ ಭಕ್ತಿಗಿಂತ ಗ್ಲ್ಯಾಡ್‌ಸ್ಟನ್ನನ ಸರ್ಕಾರವನ್ನು ಪೇಚಿಗೆ ಸಿಕ್ಕಿಸುವ ಹುಮ್ಮಸ್ಸೇ ಹೆಚ್ಚಾಗಿತ್ತು. ಧರ್ಮರಕ್ಷಣೆಯ ಕೂಗಿನ ಹಿಂದೆ ರಾಜಕೀಯ ಅಡಗಿರುವುದು ಒಂದು ದೇಶದ, ಒಂದು ಕಾಲದ ಮಾತಲ್ಲ.

ಗ್ಲ್ಯಾಡ್‌ಸ್ಟನ್ನನ ಭಾಷಣ

ಆಗ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ನಿಷ್ಠಾವಂತ ಕ್ರೈಸ್ತ. ತನ್ನ ಊರಿನ ದೇವಾಲಯದಲ್ಲಿ ತಾನೇ ನಿಂತು ವೇದಪಾಠ ಓದುತ್ತಿದ್ದವನು. ಯೌವನದಲ್ಲಿ, ರಾಜ್ಯವು ಚರ್ಚಿನ ರಕ್ಷಕನಾಗಿರಬೇಕೆಂದು ಒಂದು ಗ್ರಂಥವನ್ನೇ ಬರೆದಿದ್ದವನು. ಬ್ರಾಡ್ಲಾನ ವಿಚಾರಗಳೆಂದರೆ ಅವನಿಗೆ ಜುಗುಪ್ಸೆ. ಅಂಥವನು ೧೮೮೩ರ ಏಪ್ರಿಲ್ ೨೬ರಂದು, ತನ್ನ ೭೩ನೆಯ ವಯಸ್ಸಿನಲ್ಲಿ, ಬೇಕಾದವರು ಆಣೆಯ ಬದಲು ಪ್ರತಿಜ್ಞೆ ಮಾಡಬಹುದೆಂಬ ಮಸೂದೆಯ ಪರವಾಗಿ ಎದ್ದು ನಿಂತನು. ಅವನ ಜೀವಮಾನದ ಅತ್ಯುತ್ತಮ ಭಾಷಣಗಳಲ್ಲಿ ಅದೂ ಒಂದೆಂದು ಬಲ್ಲವರು ಎಣಿಸುತ್ತಾರೆ.

ಅವನ ವಾದದ ಸಾರವನ್ನು ಇಂದಿನ ಭಕ್ತರೂ ಗಮನಿಸಬೇಕು. ಸಭೆಯಲ್ಲಿ ಯೆಹೂದ್ಯರಿಗೆ ಈಗಾಗಲೇ ಸ್ಥಾನವಿದೆ. ಆದುದರಿಂದ ಸದಸ್ಯನು ಕ್ರಿಸ್ತನನ್ನು ಒಪ್ಪಲೇಬೇಕೆಂಬ ನಿಯಮ ಉಳಿದಿಲ್ಲ. ಈಗ ನೀವು ಕೇಳುತ್ತಿರುವುದು ಯಾವುದಾದರೊಂದು ದೇವರನ್ನು ಒಪ್ಪಿದರೆ ಸಾಕೆಂಬುದನ್ನು ಮಾತ್ರ. ಹಾಗೆಂದರೆ ನೀವು ಕ್ರೈಸ್ತಧರ್ಮವನ್ನೇ ಬಿಟ್ಟುಬಿಡಬಹುದಾದ ಅಲಂಕಾರವೆಂದು ಎಣಿಸಿದಂತಾಯಿತಲ್ಲವೆ? ಇಷ್ಟು ಹೇಳಿ, ಗ್ಲ್ಯಾಡ್‌ಸ್ಟನ್ ಪ್ರಾಚೀನ ರೋಮಿನ ಕವಿ ಲುಕ್ರೀಷಿಯಸನ ಲ್ಯಾಟಿನ್ ಸಾಲುಗಳನ್ನು ಸಭೆಗೆ ಹೇಳಿದನು. ದೇವತೆಗಳಿದ್ದಾರೆ, ಆದರೆ ಬಹುದೂರದಲ್ಲಿ ತಮ್ಮ ಆನಂದದಲ್ಲಿ ಮುಳುಗಿದ್ದಾರೆ. ಮಾನವರ ಪಾಪಪುಣ್ಯಗಳು ಅವರಿಗೆ ತಟ್ಟುವುದಿಲ್ಲ ಎಂಬುದು ಅವುಗಳ ಭಾವ. ಅಂಥ ದೇವರನ್ನು ನಂಬುವವನು ನಿಮ್ಮ ಆಣೆಯನ್ನು ಧಾರಾಳವಾಗಿ ಇಡಬಲ್ಲನು. ಆದರೆ ದೇವರಿಗೂ ತನಗೂ ಸಂಬಂಧವಿಲ್ಲ ಎಂಬ ಆ ಮನೋಭಾವವೇ ದೇವರಿಲ್ಲ ಎಂಬ ಮಾತಿಗಿಂತ ಈ ಕಾಲಕ್ಕೆ ಹೆಚ್ಚು ಅಪಾಯವಲ್ಲವೆ ಎಂದು ಕೇಳಿದನು. ಕೊನೆಗೆ, ಅನ್ಯಾಯವನ್ನು ಧರ್ಮದ ಹೆಸರಿನಲ್ಲಿ ಮಾಡಿದರೆ ಜನರಿಗೆ ಧರ್ಮದಲ್ಲಿಯೇ ಅಶ್ರದ್ಧೆ ಹುಟ್ಟುವುದೆಂದು ಎಚ್ಚರಿಸಿದನು.

ಮಸೂದೆ ಬಿದ್ದುಹೋಯಿತು. ಪರವಾಗಿ ೨೮೯, ವಿರುದ್ಧವಾಗಿ ೨೯೨. ಅಂತರ ಮೂರೇ ಮತಗಳು. ೧೮೮೬ರ ಜನವರಿ ೧೩ರಂದು ಹೊಸ ಸಭೆಯ ಅಧ್ಯಕ್ಷ ಪೀಲ್, ಯಾರೂ ನಡುವೆ ಬಾಯಿ ಹಾಕಕೂಡದೆಂದು ಗದರಿಸಿ ಬ್ರಾಡ್ಲಾನಿಗೆ ಪ್ರಮಾಣ ಮಾಡಗೊಟ್ಟನು. ೧೮೮೮ರಲ್ಲಿ ಬ್ರಾಡ್ಲಾ ತಾನೇ ತಂದ ಮಸೂದೆ ಕಾನೂನಾಗಿ, ಪ್ರತಿಜ್ಞೆಯ ಹಕ್ಕು ಎಲ್ಲರಿಗೂ ದೊರೆಯಿತು.

ನಾಸ್ತಿಕರ ಸಭೆಯಲ್ಲಿ ಒಬ್ಬ ಪಾದ್ರಿ

ಗ್ಲ್ಯಾಡ್‌ಸ್ಟನ್ ನಾಸ್ತಿಕನಿಗೆ ನ್ಯಾಯ ದೊರಕಿಸಹೊರಟನು, ನಿಜ. ಆದರೆ ದೂರದಿಂದ. ನ್ಯಾಯವೊಂದೇ ಸಾಕೆ? ಸ್ಟೂವರ್ಟ್ ಹೆಡ್ಲಮ್ ಎಂಬ ತರುಣ ಪಾದ್ರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ೧೮೭೩ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನಿನ ದರಿದ್ರ ಕೇರಿಗೆ ಸಹಾಯಕ ಪಾದ್ರಿಯಾಗಿ ಬಂದವನು ಅವನು. ಕೂಲಿಗಾರರು ಭಾನುವಾರ ತನ್ನ ದೇವಾಲಯಕ್ಕೆ ಬಾರದೆ ಬ್ರಾಡ್ಲಾನ ಭಾಷಣಕ್ಕೆ ಗುಂಪುಗುಂಪಾಗಿ ಹೋಗುವುದನ್ನು ಕಂಡನು. ಶಪಿಸುತ್ತ ಕೂಡಲಿಲ್ಲ, ತಾನೂ ಹೋಗಿ ಆ ‘ವಿಜ್ಞಾನ ಮಂದಿರ’ದ ಬೆಂಚಿನ ಮೇಲೆ ಅವರ ನಡುವೆ ಕುಳಿತನು. ಪೂರ್ತಿಯಾಗಿ ಕೇಳಿದ ಮೇಲೆ ಎದ್ದು ನಿಂತು ತನ್ನ ಪಕ್ಷವನ್ನು ಹೇಳುತ್ತಿದ್ದನು.

ಕೇಳಿದುದರಿಂದ ಹೆಡ್ಲಮನಿಗೆ ಒಂದು ಸಂಗತಿ ಹೊಳೆಯಿತು. ಈ ಜನ ತಿರಸ್ಕರಿಸುತ್ತಿರುವುದು ಎಂಥ ದೇವರನ್ನು? ಹಸುಗೂಸುಗಳನ್ನು ನಿತ್ಯನರಕಕ್ಕೆ ತಳ್ಳುವ, ಬಡವನಿಗೆ ಸಹನೆಯನ್ನೂ ಧನಿಕನಿಗೆ ಸುಖವನ್ನೂ ಹಂಚುವ ದೇವರನ್ನು. ಅಂಥ ದೇವರನ್ನು ನಾನೂ ನಂಬುವುದಿಲ್ಲವಲ್ಲ ಎಂದುಕೊಂಡನು. ಕೊಳೆಗೇರಿಗಳನ್ನು ಶುಚಿಗೊಳಿಸಬೇಕು, ಕೂಲಿಗಾರನಿಗೆ ಬದುಕು ಬೇಕು ಎನ್ನುವ ಈ ಸೆಕ್ಯುಲರ್ ಜನರು, ತಿಳಿಯದೆಯೇ ಕ್ರಿಸ್ತನ ಕೆಲಸ ಮಾಡುತ್ತಿದ್ದಾರೆಂಬುದು ಅವನ ನಿಶ್ಚಯವಾಯಿತು. ೧೮೭೭ರಲ್ಲಿ ಅವನು ಸ್ಥಾಪಿಸಿದ ಸೇಂಟ್ ಮ್ಯಾಥ್ಯೂ ಸಂಘದ ಉದ್ದೇಶಗಳಲ್ಲಿ, ಕ್ರೈಸ್ತಧರ್ಮದ ಬಗೆಗೆ ಸೆಕ್ಯುಲರ್ ಜನರಿಗೆ ಇರುವ ಅಪಾರ್ಥವನ್ನು ಹೋಗಲಾಡಿಸುವುದೂ ಒಂದಾಗಿತ್ತು. ಬ್ರಾಡ್ಲಾ ಗಡಿಯಾರ ಗೋಪುರದಲ್ಲಿ ಸೆರೆಯಾದ ಸುದ್ದಿ ಬಂದೊಡನೆ ಹೆಡ್ಲಮ್ ತಂತಿ ಕಳುಹಿಸಿದನು: ಬಂಧವಿಮೋಚಕನಾದ ಯೇಸುಕ್ರಿಸ್ತನ ಹೆಸರಿನಲ್ಲಿ ನಿನಗೆ ಶುಭ ಕೋರುತ್ತೇನೆ, ದೈವನಿಂದಕರು ನಿನ್ನ ವಿರೋಧಿಗಳೇ ಎಂಬ ಭಾವದ ತಂತಿ. ನಾಸ್ತಿಕನಿಗೆ ಕ್ರಿಸ್ತನ ಹೆಸರಿನಲ್ಲಿ ಬಂದ ಶುಭಾಶಯ! ಅವನ ಬಿಷಪ್ಪನಿಗೆ ಇದು ಹಿಡಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಹೆಡ್ಲಮನಿಗೆ ಸ್ವಂತ ದೇವಾಲಯವನ್ನು ಯಾರೂ ಎಂದಿಗೂ ಕೊಡಲಿಲ್ಲ.

‘ತಿಳಿಯದೆಯೇ ಕ್ರಿಸ್ತನ ಕೆಲಸ’ ಎಂಬ ಮಾತು ಬ್ರಾಡ್ಲಾನಿಗೆ ರುಚಿಸಿತೆಂದು ತೋರದು. ನೀನು ಇಲ್ಲವೆಂದರೂ ನೀನು ನಮ್ಮವನೇ ಎನ್ನುವುದರಲ್ಲಿ ಪ್ರೀತಿಯಿದ್ದರೂ, ಎದುರಾಳಿಯ ಮಾತನ್ನು ಮಾತಾಗಿ ಸ್ವೀಕರಿಸದ ಒಂದು ಉಪೇಕ್ಷೆಯೂ ಅದರಲ್ಲಿ ಸೇರಿಕೊಂಡಿದೆ. ಹೆಡ್ಲಮನ ದೊಡ್ಡತನವಿರುವುದು ಆ ಸಿದ್ಧಾಂತದಲ್ಲಿ ಅಲ್ಲ, ಬೆಂಚಿನ ಮೇಲೆ ಕುಳಿತು ಕೊನೆಯವರೆಗೆ ಕೇಳಿದುದರಲ್ಲಿ ಎಂದು ನನ್ನ ಭಾವನೆ. ನಮ್ಮ ನಾಡಿನವರಿಗೆ ಈ ಪದ್ಧತಿ ಹೊಸದಲ್ಲ. ಖಂಡಿಸುವ ಮೊದಲು ಪೂರ್ವಪಕ್ಷವನ್ನು ಎದುರಾಳಿಯೇ ಮೆಚ್ಚುವಂತೆ ಮಂಡಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಶಿಸ್ತು. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ದ ಮೊದಲ ಪ್ರಕರಣವೇ ಚಾರ್ವಾಕ ದರ್ಶನ. ನಾಸ್ತಿಕನ ಮಾತನ್ನು ಮುಂದಿಟ್ಟ ಮೇ‍ಲೆಯೇ ಉಳಿದ ದರ್ಶನಗಳು.

ಕ್ರೈಸ್ತರೇ ನಾಸ್ತಿಕರೆನಿಸಿಕೊಂಡ ಕಾಲ

ಕ್ರೈಸ್ತ ಸಂಪ್ರದಾಯದಲ್ಲಿಯೂ ಇದಕ್ಕೆ ಆಧಾರವಿಲ್ಲದಿಲ್ಲ. ಎರಡನೆಯ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ‘ನಾಸ್ತಿಕರು’ ಎಂದರೆ ಕ್ರೈಸ್ತರು! ಊರ ದೇವರುಗಳಿಗೆ, ಚಕ್ರವರ್ತಿಯ ಪ್ರತಿಮೆಗೆ ಪೂಜೆ ಸಲ್ಲಿಸದವರೆಂದು ಅವರಿಗೆ ಆ ಹೆಸರು. ಸ್ಮಿರ್ನಾ ನಗರದ ವೃದ್ಧ ಬಿಷಪ್ ಪಾಲಿಕಾರ್ಪನನ್ನು ಕ್ರೀಡಾಂಗಣದಲ್ಲಿ ನಿಲ್ಲಿಸಿ, ನಾಸ್ತಿಕರಿಗೆ ಧಿಕ್ಕಾರ ಹೇಳು, ಬಿಟ್ಟುಬಿಡುತ್ತೇವೆ ಎಂದು ಅಧಿಕಾರಿ ಆಮಿಷ ಒಡ್ಡಿದಾಗ, ಆತನು ತನ್ನ ಸುತ್ತ ಕೂಗಾಡುತ್ತಿದ್ದ ಜನಸ್ತೋಮದತ್ತಲೇ ಕೈಬೀಸಿ ಆ ಧಿಕ್ಕಾರವನ್ನು ಹೇಳಿ ಸುಡುಬೆಂಕಿಗೆ ಆಹುತಿಯಾದನು. ಹುತಾತ್ಮನಾದ ಜಸ್ಟಿನ್ ಎಂಬ ದಾರ್ಶನಿಕನು, ನಿಮ್ಮ ಆ ದೇವರುಗಳ ಮಟ್ಟಿಗೆ ನಾವು ನಾಸ್ತಿಕರೇ ಸರಿ ಎಂದು ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ಒಪ್ಪಿಕೊಂಡನು. ಇನ್ನೂ ಹಿಂದೆ ಹೋದರೆ, ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ತ್ವಿಕತೆಯಿಂದಲೂ ಗೌರವದಿಂದಲೂ ಕೊಡಿ ಎಂಬ ಉಪದೇಶ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿಯೇ ಇದೆ. ಪಾದ್ರಿ ಪ್ಯಾಕರ್ ಅದನ್ನು ಎಷ್ಟೋ ಸಲ ಓದಿದ್ದಿರಬೇಕು.

ರೋಮನ್ ಕ್ಯಾಥೊಲಿಕ್ ಧರ್ಮಸಭೆ ಈ ಮಾತಿಗೆ ಬರಲು ೧೯೬೫ರವರೆಗೆ ಕಾಯಬೇಕಾಯಿತು. ಆ ವರ್ಷ ಎರಡನೆಯ ವ್ಯಾಟಿಕನ್ ಮಹಾಸಭೆ ಅಂಗೀಕರಿಸಿದ ದಸ್ತಾವೇಜು ನಾಸ್ತಿಕತೆಯನ್ನು ತಪ್ಪೆಂದೇ ಹೇಳಿತು. ಜೊತೆಗೆ, ನಾಸ್ತಿಕತೆ ಹುಟ್ಟುವುದರಲ್ಲಿ ಆಸ್ತಿಕರ ಪಾಲು ಸಣ್ಣದಲ್ಲ, ತಪ್ಪು ಬೋಧನೆಯಿಂದಲೂ ಕೆಟ್ಟ ನಡತೆಯಿಂದಲೂ ಅವರು ದೇವರ ಮುಖವನ್ನು ತೋರುವ ಬದಲು ಮರೆಮಾಡುತ್ತಾರೆ ಎಂಬುದನ್ನೂ ಸ್ಪಷ್ಟವಾಗಿ ಒಪ್ಪಿಕೊಂಡಿತು. ಅದೇ ವರ್ಷ ಪೋಪ್ ಆರನೆಯ ಪಾಲ್, ನಂಬದವರೊಡನೆ ಮಾತುಕತೆ ನಡೆಸುವುದಕ್ಕಾಗಿಯೇ ಒಂದು ಕಾರ್ಯಾಲಯವನ್ನು ತೆರೆದು, ವಿಯೆನ್ನಾದ ಕಾರ್ಡಿನಲ್ ಕೋನಿಗ್ ಅವರಿಗೆ ಅದನ್ನು ವಹಿಸಿದರು.

ಭಾರತದ ಬಂಧು

ಬ್ರಾಡ್ಲಾ ಪಾರ್ಲಿಮೆಂಟಿನಲ್ಲಿ ಕುಳಿತುದು ಐದೇ ವರ್ಷ. ಆ ಐದು ವರ್ಷಗಳಲ್ಲಿ ನಮ್ಮ ದೇಶದ ಕಷ್ಟಸುಖಗಳನ್ನು ಎಷ್ಟು ಸಲ ಎತ್ತಿದನೆಂದರೆ ‘ಭಾರತದ ಸದಸ್ಯ’ ಎಂಬ ಅಡ್ಡಹೆಸರೇ ಬಂದಿತು. ೧೮೮೯ರಲ್ಲಿ ತೀವ್ರ ಕಾಯಿಲೆಯಿಂದ ಎದ್ದವನು ಹವೆ ಬದಲಾವಣೆಗೆಂದು ಹಡಗು ಹತ್ತಿ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದನು. ಆ ವರ್ಷದ ಅಂಕಿಯಷ್ಟೇ, ೧೮೮೯ ಮಂದಿ, ಪ್ರತಿನಿಧಿಗಳು ಕೂಡಿದ್ದ ಸಭೆ ಅದು. ದೇವಭಕ್ತರೇ ತುಂಬಿದ್ದ ಆ ಪೆಂಡಾಲಿನಲ್ಲಿ, ನಿನಗೆ ದೇವರಲ್ಲಿ ನಂಬಿಕೆಯಿದೆಯೆ ಎಂದು ಯಾರೂ ಕೇಳಲಿಲ್ಲ. ಮುಂದೆ ಲಾಹೋರಿನಲ್ಲಿ ಆತನ ಹೆಸರಿನ ಒಂದು ಸಭಾಭವನ ಎದ್ದಿತು. ಲಾಲಾ ಲಜಪತ ರಾಯರ ನ್ಯಾಷನಲ್ ಕಾಲೇಜು ನಡೆದುದು ಅಲ್ಲಿಯೇ. ಆ ಕಾಲೇಜಿನ ವಿದ್ಯಾರ್ಥಿ ಭಗತ್ ಸಿಂಗ್ ೧೯೩೦ರಲ್ಲಿ ಸೆರೆಮನೆಯಿಂದ ತಾನೇಕೆ ನಾಸ್ತಿಕನೆಂಬುದನ್ನು ಕುರಿತು ಬರೆದುದು ಕಾಕತಾಳೀಯವಿರಬಹುದು.

ಆತನು ಹೋರಾಡಿದ ಪ್ರಮಾಣವಚನದ ಪ್ರಶ್ನೆ ನಮ್ಮ ಸಂವಿಧಾನ ಸಭೆಗೂ ಬಂದಿತು. ೧೯೪೯ರ ಅಕ್ಟೋಬರ್ ೧೭ರಂದು, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು, ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಸೂಚಿಸಿದರು. ನಾನು ಆಸ್ತಿಕ, ಆದರೂ ಇದು ನಂಬಿಕೆಯ ವಿಷಯದಲ್ಲಿ ಬಲಾತ್ಕಾರವಾಗುತ್ತದೆ ಎಂಬ ದನಿಯಲ್ಲಿ ತಿರುವಾಂಕೂರಿನ ತಾಣು ಪಿಳ್ಳೆಯವರು ವಿರೋಧಿಸಿದರು. ಸೂಚನೆಗೆ ಬಿದ್ದ ಮತಗಳು ೪೧, ವಿರುದ್ಧವಾಗಿ ೬೮. ಇಂದು ಮಂತ್ರಿಯಾಗುವವನ ಮುಂದೆ ಸಂವಿಧಾನದ ಮೂರನೆಯ ಅನುಸೂಚಿ ಎರಡು ದಾರಿಗಳನ್ನು ಇಟ್ಟಿದೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೆ ಸತ್ಯನಿಷ್ಠೆಯ ಪ್ರತಿಜ್ಞೆ. ಯಾವುದನ್ನು ಆರಿಸಿದರೂ ಆ ಕಾರಣಕ್ಕಾಗಿ ಅವನನ್ನು ಗೋಪುರಕ್ಕೆ ಕಳುಹಿಸುವವರಿಲ್ಲ.

೧೮೯೧ರ ಜನವರಿಯಲ್ಲಿ ಬ್ರಾಡ್ಲಾ ಹಾಸಿಗೆ ಹಿಡಿದನು. ಆತನನ್ನು ಹೊರಗಿಟ್ಟ ೧೮೮೦ರ ನಿರ್ಣಯವನ್ನು ದಾಖಲೆಗಳಿಂದ ಅಳಿಸಬೇಕೆಂಬ ಸೂಚನೆ ಜನವರಿ ೨೭ರಂದು ಸಭೆಗೆ ಬಂದಿತು. ಗ್ಲ್ಯಾಡ್‌ಸ್ಟನ್ ಬೆಂಬಲಿಸಿದನು, ಸಭೆ ಒಪ್ಪಿತು. ಆ ಸುದ್ದಿಯನ್ನು ತಿಳಿಯುವ ಸ್ಥಿತಿಯಲ್ಲಿ ಬ್ರಾಡ್ಲಾ ಇರಲಿಲ್ಲ. ೩೦ರಂದು ಪ್ರಾಣ ಹೋಯಿತು.

ನಲವತ್ತು ವರ್ಷಗಳಾದ ಮೇಲೆ, ೧೯೩೧ರ ಡಿಸೆಂಬರಿನಲ್ಲಿ, ಗಾಂಧೀಜಿಯವರು ಸ್ವಿಟ್ಜರ್‌ಲೆಂಡಿನ ಲೌಸಾನ್ ನಗರದಲ್ಲಿ ಯೂರೋಪಿಯನ್ ಕ್ರೈಸ್ತರೇ ಹೆಚ್ಚಾಗಿದ್ದ ಸಭೆಯೊಂದರಲ್ಲಿ ‘ದೇವರೇ ಸತ್ಯ’ ಎಂಬುದನ್ನು ಬಿಟ್ಟು ‘ಸತ್ಯವೇ ದೇವರು’ ಎನ್ನುವಲ್ಲಿಗೆ ತಾವು ಬಂದ ಬಗೆಯನ್ನು ವಿವರಿಸಿದರು. ಅಲ್ಲಿ ಬ್ರಾಡ್ಲಾನ ನೆನಪು ತೆಗೆದರು. ಆತನನ್ನು ನಾನು ನಾಸ್ತಿಕನೆನ್ನಲಾರೆ, ದೇವರಿಗೆ ಅಂಜಿ ನಡೆದವನೆನ್ನುತ್ತೇನೆ. ಹಾಗೆಂದರೆ ಆತನ ಮುಖ ಕೆಂಪೇರೀತು, ಆದುದರಿಂದ ಸತ್ಯಕ್ಕೆ ಅಂಜಿ ನಡೆದವನೆನ್ನುತ್ತೇನೆ ಎಂಬ ಅರ್ಥದ ಮಾತುಗಳನ್ನಾಡಿದರು. ಆ ಕೆಂಪೇರುವ ಮುಖವನ್ನು ಊಹಿಸಿಕೊಂಡು, ಅದಕ್ಕೆ ಒಪ್ಪುವ ಪದವನ್ನು ಹುಡುಕಿದುದು ಗಾಂಧೀಜಿಯವರ ಸೌಜನ್ಯ.

ಎಲ್ಲರಿಗೂ ಅಷ್ಟು ಸೌಜನ್ಯವಿರಲಿಲ್ಲ. ಬ್ರಾಡ್ಲಾ ಸಾಯುವಾಗ ಪಶ್ಚಾತ್ತಾಪಪಟ್ಟು ಕ್ರಿಸ್ತನನ್ನು ಒಪ್ಪಿಕೊಂಡನೆಂಬ ಕಥೆಗಳು ಬೇಗನೆ ಹುಟ್ಟಿಕೊಂಡವು. ಮಗಳು ಹಿಪೇಷಿಯಾ ಬ್ರಾಡ್ಲಾ ಬಾನರ್ ಗಡಿಯಾರದ ಕಥೆಯನ್ನು ಕೇಳುತ್ತ ಬೆಳೆದವಳು. ಇಂಥದು ಬಂದೇ ಬರುವುದೆಂದು ಮೊದಲೇ ಊಹಿಸಿ, ತಂದೆಯ ಹಾಸಿಗೆಯ ಬಳಿ ಕೊನೆಯವರೆಗೂ ಶುಶ್ರೂಷೆ ಮಾಡಿದವರಿಂದ, ಆ ಕಾಯಿಲೆಯ ದಿನಗಳಲ್ಲಿ ಆತನು ಧರ್ಮದ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲವೆಂದು ಬರೆಯಿಸಿ, ಸಹಿ ಹಾಕಿಸಿ ಇಟ್ಟುಕೊಂಡಿದ್ದಳು.